ಆ ಮಿಷನ್ ಆರಿಸಿ

ಬಿಸ್ಕತ್ತಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬಡವರ ಚಿಕಿತ್ಸಾಲಯದಲ್ಲಂತೂ ಕೂಡದೇ ಕೂಡದು. ಅಲ್ಲಿ ಯಾರ ಮುಂದೆ ಯಾವ ಬಿಸ್ಕತ್ತು ಬಂತು ಎಂಬುದರಿಂದ ಆ ಮನುಷ್ಯನ ಯೋಗ್ಯತೆ, ಭವಿಷ್ಯ, ಒಮ್ಮೊಮ್ಮೆ ಆಯುಸ್ಸು ಕೂಡ ತಿಳಿದುಬಿಡುತ್ತದೆ. ಆದ್ದರಿಂದ ಗುರುವಾರ ಬೆಳಿಗ್ಗೆ ಚಿಕಿತ್ಸಾಲಯದ ಕಾರ್ಯದರ್ಶಿಗಳು ಮಾಜಿ ಮೇಡಂ ಮುಂದೆ ಹಿಡಿದ ತಟ್ಟೆಯಲ್ಲಿ ಎರಡು ಜಾತಿಯ ಬಿಸ್ಕತ್ತುಗಳಿದ್ದವು ಎಂಬ ಸಂಗತಿಯನ್ನು ಓದುಗರು ದಯವಿಟ್ಟು ಮರೆಯಬಾರದು. ಒಂದು, ಬರೀ ಬಿಸ್ಕತ್ತು. ಇನ್ನೊಂದು, ಹೊಟ್ಟೆಯಲ್ಲಿ ಕ್ರೀಮು ಇದ್ದದ್ದು.

"ಯಾವ್ದು ಬೇಕೋ ಸೆಲೆಕ್ಟ್ ಮಾಡ್ಕೊಳ್ಳಿ ಮೇಡಂ," ಎಂದರು ಕಾರ್ಯದರ್ಶಿ. "ಸಂಕೋಚ ಪಟ್ಕೋಬೇಡಿ. ದಾನಿಗಳಿಗೆ ತಂದಿದ್ದು, ಉಳಿದಿದೆ."

ಮಾಜಿ ಮೇಡಂ ಬರೀ ಬಿಸ್ಕತ್ತನ್ನೇ ತೆಗೆದುಕೊಂಡರು. ಕ್ರೀಮು ತಿಂದ ಬಾಯಲ್ಲಿ ಕೊಟ್ಟವನನ್ನು ಗದರಿಸುವುದು ಕಷ್ಟ ಎಂಬುದು ಅವರ ಸೇವಾವಧಿಯ ಅನುಭವ.

ಆಕೆ ಒಂದು ಕಾಲಕ್ಕೆ ಪೊಲೀಸ್ ಇನ್ಸ್‌ಪೆಕ್ಟರ್. ನಿವೃತ್ತಿಯಾದ ಹೊಸತರಲ್ಲಿ ಜನ 'ಮಾಜಿ ಇನ್ಸ್‌ಪೆಕ್ಟರ್ ಮೇಡಂ' ಎನ್ನುತ್ತಿದ್ದರು. ಬರಬರುತ್ತ ಬಾಯಿಗಳು ಸೋಮಾರಿಯಾದವು. ಇನ್ಸ್‌ಪೆಕ್ಟರ್ ಉದುರಿಹೋಗಿ ಮಾಜಿ ಮಾತ್ರ ಉಳಿಯಿತು. ಸರ್ಕಾರ ಆಕೆಗೆ ಬೀಳ್ಕೊಡುಗೆಯಲ್ಲಿ ಒಂದು ಶಾಲು ಕೊಟ್ಟಿತ್ತು, ವಿಮೆ ಕೊಟ್ಟಿರಲಿಲ್ಲ. ಹಾಗಾಗಿ ರಕ್ತದೊತ್ತಡದ ಮಾತ್ರೆಗೆ ಆಕೆಯೂ ಈ ಚಿಕಿತ್ಸಾಲಯದ ಬೆಂಚಿನ ಮೇಲೆ ಎಲ್ಲರ ಜೊತೆ ತಗಡಿನ ಟೋಕನ್ ಹಿಡಿದು ಕೂರುತ್ತಿದ್ದರು. ಗ್ಯಾರೇಜಾಗಿದ್ದ ಜಾಗ ಅದು. ಗೋಡೆಗೆ ಸುಣ್ಣ ಬಳಿದರೂ ಸೆಖೆ ಏರಿದಾಗ ಹಳೇ ಎಂಜಿನ್ ಎಣ್ಣೆಯ ವಾಸನೆ ಮೇಲೇಳುತ್ತಿತ್ತು.

ಕಳೆದ ವಾರ ನಡೆದದ್ದು ಇಷ್ಟು: ದೊಡ್ಡ ದಾನಿಯೊಬ್ಬರು ಬಂದು ಭಾಷಣ ಮಾಡುತ್ತಿದ್ದಾಗ, ಪರದೆಯಾಚೆಗಿನ ಕೋಣೆಯಲ್ಲಿ ಆಮ್ಲಜನಕದ ಯಂತ್ರ ನಿಂತುಹೋಗಿ, ಅದರ ಮೇಲೇ ಉಸಿರಾಡುತ್ತಿದ್ದ ಪೇಂಟರ್ ತಾತ ಸತ್ತುಹೋದ.

ಆ ಕೋಣೆಗೆ ರೋಗಿಗಳು ಇಟ್ಟ ಹೆಸರು ಗಾಳಿ ಕೋಣೆ. ಒಂದು ಮಂಚ, ಒಂದು ಸ್ಟೂಲು, ಗುರ್‌ಗುಟ್ಟುವ ಒಂದು ಹಳೇ ಯಂತ್ರ. ಬಣ್ಣದ ಧೂಳು, ಬಣ್ಣ ತೆಳುಮಾಡುವ ಥಿನ್ನರಿನ ಹಬೆ ಕುಡಿದು ಕುಡಿದು ತಾತನ ಶ್ವಾಸಕೋಶ ಹಳೇ ಬ್ರಷ್ಷಿನ ಹಾಗಾಗಿತ್ತು. ವಾರದಲ್ಲಿ ಕೆಲವು ದಿನ ಬಂದು, ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು, ಗಾಳಿ ತುಂಬಿಸಿಕೊಂಡು ಹೋಗುತ್ತಿದ್ದ. ಚಿಕಿತ್ಸಾಲಯದ ಬೋರ್ಡು ಬರೆದವನೂ ಅವನೇ. 'ಸರ್ವರಿಗೂ ಆರೋಗ್ಯ' ಎಂದು ನೀಲಿಯಲ್ಲಿ ಬರೆದು, ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅದನ್ನು ಕೊಂಚ ಕುಗ್ಗಿಸಿದ್ದ.

ಯಂತ್ರ ನಿಂತದ್ದು ತನಗೆ ಕೇಳಿಸಿತೆಂದು ತಾತನ ಮಗಳು ದೂರು ಕೊಟ್ಟಳು. ಚಿಕಿತ್ಸಾಲಯ ನಡೆಸುವ ಟ್ರಸ್ಟಿನವರು ಕೂಡಲೇ ತಪ್ಪಿತಸ್ಥೆಯನ್ನು ಹುಡುಕಿಕೊಟ್ಟರು: ಸಿಸ್ಟರ್. ಈ ದಿನ ಸಂಜೆ ಆಕೆಯ ಮೇಲಿನ ವರದಿ ಪೊಲೀಸರ ಕೈಗೆ ಹೋಗುವುದಿತ್ತು. ಹೋದರೆ ಕೆಲಸ ಹೋಗುತ್ತದೆ, ನರ್ಸಿನ ಪರವಾನಗಿ ಹೋಗುತ್ತದೆ, ಪ್ರಾಯಶಃ ಆಕೆಯೂ ಜೈಲಿಗೆ ಹೋಗುತ್ತಾಳೆ.

"ನಾನು ಆ ಮಿಷನ್ ಮುಟ್ಟೇ ಇಲ್ಲ ಮೇಡಂ," ಎಂದು ಸಿಸ್ಟರ್ ಮಾಜಿಯ ಹತ್ತಿರ ಅತ್ತಿದ್ದಳು. ಅಳುವವರ ಮಾತನ್ನು ಮಾಜಿ ಸಾಮಾನ್ಯವಾಗಿ ನಂಬುತ್ತಿರಲಿಲ್ಲ. ಆದರೆ ಈಕೆ ಅಳುತ್ತಲೇ ಮಾಜಿಯ ಮಾತ್ರೆ ಚೀಟಿಯಲ್ಲಿದ್ದ ತಪ್ಪೊಂದನ್ನು ತಿದ್ದಿದ್ದಳು. ಸುಳ್ಳು ಹೇಳುವವರಿಗೆ ಅಷ್ಟು ಗಮನ ಇರುವುದಿಲ್ಲ.

ಈಗ ಮಾಜಿ, ಕಾರ್ಯದರ್ಶಿ, ಸಿಸ್ಟರ್, ಡಾಕ್ಟರು ನಾಲ್ವರೂ ಡಾಕ್ಟರ ಕೋಣೆಯಲ್ಲಿದ್ದರು. ಡಾಕ್ಟರು ಮಾಜಿಯ ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡುತ್ತಿದ್ದರು. ಸಣಕಲು ಮನುಷ್ಯ. ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿಕೊಂಡಿದ್ದರು. ಬೇರೆ ಡಾಕ್ಟರುಗಳು ಬಂದು, ಫೋಟೋ ತೆಗೆಸಿಕೊಂಡು, ಹೋಗುತ್ತಿದ್ದರು. ಇವರು ಮಾತ್ರ ಬಂದವರು ಹೋಗಿರಲಿಲ್ಲ. ಇವರೊಬ್ಬರು ಇಲ್ಲದಿದ್ದರೆ ಈ ಜಾಗ ಮತ್ತೆ ಗ್ಯಾರೇಜೇ.

"ಇನ್ನೊಂದ್ಸಲ ನೋಡ್ತೀನಿ," ಎಂದು ಡಾಕ್ಟರು ಮತ್ತೆ ಗಾಳಿ ತುಂಬಿದರು. "ಸರಿಯಾಗಿ ಕೇಳಿಸ್ಲಿಲ್ಲ."

ಪರದೆಯಾಚೆ ಬೆಂಚಿನ ಮೇಲೆ ಕಾಯುವವರು ಗೊಣಗುತ್ತಿದ್ದರು.

"ಏನ್ರೀ ಅದು, ಒಳಗೆ ಮದುವೆ ಮಾತುಕತೆನಾ?"

"ಸುಮ್ನಿರಪ್ಪ. ಮಾಜಿ ಒಳಗಿದ್ದಾರೆ."

"ಮಾಜಿ ಇದ್ರೇನು, ನನ್ನ ಹುಣ್ಣು ಹಾಲಿ ಅಲ್ವಾ?"

ತಲೆಯ ಮೇಲೆ ಫ್ಯಾನು ಟಕಟಕ ಎನ್ನುತ್ತಿತ್ತು. ಕಾರ್ಯದರ್ಶಿ ಮುಖ ಸಿಂಡರಿಸಿ, ಬಾಗಿಲ ಬಳಿ ನಿಂತಿದ್ದ ಸಿಸ್ಟರ್ ಕಡೆ ತಿರುಗದೆಯೇ ಹೇಳಿದರು: "ಆ ಫ್ಯಾನ್ ಆರಿಸಮ್ಮ. ಒಬ್ರ ಮಾತು ಒಬ್ರಿಗೆ ಕೇಳಿಸ್ತಿಲ್ಲ."

ಸಿಸ್ಟರ್ ಕೈ ಚಾಚಿ ಫ್ಯಾನು ನಿಲ್ಲಿಸಿದಳು.

ಮಾಜಿ ಬಿಸ್ಕತ್ತನ್ನು ಕಚ್ಚುವುದನ್ನು ನಿಲ್ಲಿಸಿದರು.

ಅರ್ಧ ಬಿಸ್ಕತ್ತು ಬಾಯಲ್ಲಿ, ಅರ್ಧ ಕೈಯಲ್ಲಿ. ಆ ಸ್ಥಿತಿಯಲ್ಲಿ ಮನುಷ್ಯರು ಸಾಮಾನ್ಯವಾಗಿ ಘನವಾಗಿ ಕಾಣುವುದಿಲ್ಲ. ಆದರೆ ಆಕೆಯ ಹಳೇ ಸಹೋದ್ಯೋಗಿಗಳು ಯಾರಾದರೂ ಅಲ್ಲಿದ್ದಿದ್ದರೆ ಬಾಗಿಲು ಹಾಕಿ ಅಗಳಿ ಜಡಿಯುತ್ತಿದ್ದರು.

"ಕಾರ್ಯದರ್ಶಿಗಳೇ," ಎಂದರು ಮಾಜಿ, ಬಿಸ್ಕತ್ತು ನುಂಗಿ. "ಆವತ್ತಿನ ಕಥೆ ಇನ್ನೊಂದ್ಸಲ ಹೇಳಿ. ವಯಸ್ಸಾಯ್ತು, ನೆನಪು ನಿಲ್ಲಲ್ಲ."

"ಅದೇ ಮೇಡಂ. ದಾನಿಗಳು ಹೊಸಾ ಮಿಷನ್ ಕೊಡಿಸಿದ್ರು. ಗಾಳಿ ಕೋಣೇಲಿ ಹಳೇದರ ಪಕ್ಕದಲ್ಲೇ ಇಟ್ಟಿದ್ವಿ, ರಿಬ್ಬನ್ ಕಟ್ಟಿ. ಭಾಷಣ ಆದ್ಮೇಲೆ ಹೊರಗೆ ತಂದು ಉದ್ಘಾಟನೆ ಮಾಡಿಸ್ಬೇಕು ಅಂತ."

"ಅಂದ್ರೆ ಹೊಸದು ಅಲ್ಲೇ ಇತ್ತು. ತಾತ ಮಾತ್ರ ಹಳೇದರಲ್ಲಿ."

"ಉದ್ಘಾಟನೆಗೆ ಮುಂಚೆ ಹೇಗೆ ಬಳಸೋಕಾಗುತ್ತೆ ಮೇಡಂ?" ಕಾರ್ಯದರ್ಶಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಅದಕ್ಕೆ ನಾನು ಪರದೆ ಹತ್ರ ಹೋಗಿ ಸಿಸ್ಟರ್‌ಗೆ ಹೇಳಿದೆ, 'ಆ ಮಿಷನ್ ಆರಿಸಿ' ಅಂತ. ಎರಡು ಇದೆಯಲ್ಲ, ಹೊಸದನ್ನ ಆರಿಸಿ ಇಟ್ಟಿರಲಿ, ತರೋ ಹೊತ್ತಿಗೆ ಗಡಿಬಿಡಿ ಬೇಡ ಅಂತ. ಇವ್ರು ನೋಡಿದ್ರೆ ಓಡ್ತಿದ್ದ ಮಿಷನ್ನೇ ಆರಿಸಿಬಿಟ್ರು! ಒಂದು ಮಾತಿಗೆ ಎರಡರ್ಥ ಮೇಡಂ. ಭಾಷೆ ತಪ್ಪು ಅನ್ನೋಣ. ಆದ್ರೆ ನರ್ಸ್ ಆದವರು ಯೋಚನೆ ಮಾಡ್ಬೇಡ್ವಾ?"

ಕಾರ್ಯದರ್ಶಿ ಈ ಮಾತನ್ನು ಟ್ರಸ್ಟಿನ ಸಭೆಯಲ್ಲೂ ಹೇಳಿದ್ದರು, ಪತ್ರಿಕೆಯವರಿಗೂ ಹೇಳಿದ್ದರು. ಹೇಳಿ ಹೇಳಿ ನಯವಾಗಿತ್ತು. ಕೇಳಿದವರೆಲ್ಲ 'ಛೇ, ಒಂದು ಮಾತಿನಿಂದ ಎಂಥ ಅನಾಹುತ' ಎಂದು ತಲೆದೂಗಿದ್ದರು. ಕನ್ನಡ ಭಾಷೆಯನ್ನು ಕಟಕಟೆಗೆ ಹತ್ತಿಸಿದರೆ ಅದು ವಕೀಲರನ್ನು ಇಡುವುದಿಲ್ಲವಲ್ಲ.

"ನನಗೆ ಹೇಳಲೇ ಇಲ್ಲ," ಎಂದಳು ಸಿಸ್ಟರ್, ನೆಲ ನೋಡುತ್ತ.

"ಹೇಳ್ಲಿಲ್ಲ ಅಂದ್ರೆ? ನಾನೇನು ಗೋಡೆಗೆ ಹೇಳಿದ್ನಾ?"

"ಸ್ವಲ್ಪ ತಡೀರಿ," ಎಂದು ಮಾಜಿ ಎದ್ದರು. ತೋಳಿನ ಪಟ್ಟಿ ಹಾಗೇ ಇತ್ತು, ಅದರ ನಳಿಗೆ ಬಾಲದಂತೆ ತೂಗುತ್ತಿತ್ತು. ಗೋಡೆಯ ಮೇಲೆ ಸಮಾರಂಭದ ಫೋಟೋಗಳು ಆಗಲೇ ಚೌಕಟ್ಟು ಹಾಕಿಸಿಕೊಂಡು ನೇತಾಡುತ್ತಿದ್ದವು. ತಾತನ ತಿಥಿ ಮುಗಿದಿರಲಿಲ್ಲ, ಫೋಟೋಗಳಿಗೆ ಗಾಜು ಬಂದಿತ್ತು.

ಮೊದಲನೆಯದರಲ್ಲಿ ದಾನಿಗಳು ಮೈಕಿನ ಮುಂದೆ ಬೆರಳೆತ್ತಿ ನಿಂತಿದ್ದರು. ಎರಡನೆಯದರಲ್ಲಿ ವೇದಿಕೆಯವರೆಲ್ಲ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ಹಿಂದೆ ಖಾಲಿ ಕುರ್ಚಿಗಳ ಸಾಲು, ಒಂದರ ಬೆನ್ನಿಗೆ ಬಿಳಿ ಕೋಟು. ಮೂರನೆಯದರಲ್ಲಿ ರಿಬ್ಬನ್ನು, ಕತ್ತರಿ, ಹಲ್ಲುಗಳು.

ಮಾಜಿ ಮೊದಲನೆಯದರ ಮೇಲೆ ಬೆರಳಿಟ್ಟರು. "ದಾನಿಗಳ ಹಿಂದೆ ತಟ್ಟೆ ಹಿಡ್ಕೊಂಡು ನಿಂತಿರೋದು ಯಾರು?"

ಕಾರ್ಯದರ್ಶಿ ಕನ್ನಡಕ ಏರಿಸಿದರು. "ಸಿಸ್ಟರ್."

"ತಟ್ಟೇಲಿ ಏನಿದೆ?"

"ಕತ್ತರಿ."

"ಯಾವಾಗಿಂದ ನಿಂತಿದ್ದೆ ತಾಯಿ?"

"ಭಾಷಣ ಶುರುವಾದಾಗಿಂದ ಮೇಡಂ. ದಾನಿಗಳು ಯಾವಾಗ ಬೇಕಾದ್ರೂ ಮುಗಿಸಬಹುದು, ಅಲ್ಲಾಡಬೇಡ ಅಂತ ಸಾರ್ ಹೇಳಿದ್ರು. ತಾತನ್ನ ನೋಡ್ಕೊಂಡು ಬರ್ತೀನಿ ಅಂದೆ. 'ತಾತ ಎಲ್ಲಿಗೂ ಓಡಿಹೋಗಲ್ಲ' ಅಂದ್ರು."

ಡಾಕ್ಟರು ಸ್ಟೆತಾಸ್ಕೋಪನ್ನು ಹತ್ತಿಯಿಂದ ಒರೆಸತೊಡಗಿದರು. ಅದು ಆಗಲೇ ಒರೆಸಿದ್ದಾಗಿತ್ತು.

"ಹೌದೌದು," ಎಂದರು ಕಾರ್ಯದರ್ಶಿ ಬೇಗ ಬೇಗ. "ಪರದೆ ಇತ್ತು ಮೇಡಂ. ನಾನು ಒಳಗೆ ಇಣುಕಿ ನೋಡ್ಲಿಲ್ಲ. ಸಿಸ್ಟರ್ ಅಲ್ಲೇ ಇದ್ದಾರೆ ಅಂದ್ಕೊಂಡೆ. ಯಾರೋ ಕೇಳಿಸ್ಕೊಂಡು ತಪ್ಪು ತಿಳ್ಕೊಂಡಿದ್ದಾರೆ. ನಾನು ಹೇಳಿದ್ದಂತೂ ಆರಿಸಿ ಅಂತಲೇ. ಅಂದ್ರೆ, ಆಯ್ಕೆ ಮಾಡಿ ಅಂತ."

ಮಾಜಿ ಬಿಸ್ಕತ್ತಿನ ತಟ್ಟೆಯನ್ನು ಎತ್ತಿ ಅವರ ಮುಂದೆ ಹಿಡಿದರು.

"ಇದನ್ನ ನನಗೆ ಕೊಡುವಾಗ ಏನಂದ್ರಿ?"

"ಬಿಸ್ಕತ್ತು ತಗೊಳ್ಳಿ ಅಂದೆ."

"'ಸೆಲೆಕ್ಟ್ ಮಾಡ್ಕೊಳ್ಳಿ' ಅಂದ್ರಿ. ಹೋದ ವಾರ ಪರದೆ ಬಟ್ಟೆ ತಂದಾಗ, 'ಕಲರ್ ನಾನೇ ಸೆಲೆಕ್ಟ್ ಮಾಡಿದ್ದು' ಅಂದ್ರಿ. ನಿಮ್ಮ ಮಗನಿಗೆ ಹುಡುಗಿ ಗೊತ್ತಾದ ಸುದ್ದಿ ಈ ಬೆಂಚಿನವರಿಗೆಲ್ಲ ಹೇಳಿದ್ರಲ್ಲ, ಆಗ್ಲೂ 'ಅವನೇ ಸೆಲೆಕ್ಟ್ ಮಾಡ್ದ' ಅಂದ್ರಿ. ನಿಮ್ಮ ಬಾಯಲ್ಲಿ ಬಿಸ್ಕತ್ತು, ಬಟ್ಟೆ, ಸೊಸೆ ಎಲ್ಲ ಸೆಲೆಕ್ಟ್ ಆಗುತ್ತೆ. ಮಿಷನ್ ಒಂದೇ ಅದ್ಹೇಗೆ ಆರಿಸೋದಾಯ್ತು?"

"ಮಾತು ಒಂದೊಂದ್ಸಲ ಹಾಗೂ ಬರುತ್ತೆ, ಹೀಗೂ..."

"ಈಗ ಸ್ವಲ್ಪ ಹೊತ್ತಿಗೆ ಮುಂಚೆ ಸಿಸ್ಟರ್‌ಗೆ ಏನೋ ಹೇಳಿದ್ರಿ. 'ಆ ಫ್ಯಾನ್ ಆರಿಸಮ್ಮ.' ಯಾಕೆ? ಶಬ್ದ, ಮಾತು ಕೇಳಿಸ್ತಿಲ್ಲ ಅಂತ. ಸಿಸ್ಟರ್ ಅದನ್ನ ಆಯ್ಕೆ ಮಾಡ್ಲಿಲ್ಲ. ಆರಿಸಿದ್ಲು."

ಎಲ್ಲರೂ ತಲೆಯೆತ್ತಿ ಫ್ಯಾನು ನೋಡಿದರು. ಅದು ಸಾಕ್ಷಿ ಹೇಳುವ ಗಾಂಭೀರ್ಯದಲ್ಲಿ ನಿಶ್ಚಲವಾಗಿತ್ತು.

"ಹಳೇ ಮಿಷನ್ ಗುರ್ ಅಂತಿತ್ತು," ಎಂದರು ಮಾಜಿ. ದನಿ ಏರಲಿಲ್ಲ. ಅವರ ದನಿ ಏರದಿದ್ದಾಗಲೇ ಹಿಂದೆ ಕಳ್ಳರು ಬೆವರುತ್ತಿದ್ದದ್ದು. "ದಾನಿಗಳು ಬಡವರ ಉಸಿರಿನ ಬಗ್ಗೆ ಮಾತಾಡ್ತಿದ್ರು. ಬಡವನ ಉಸಿರಿನ ಸದ್ದು ಮೈಕಿಗೆ ಬರ್ತಿತ್ತು. ಅಲ್ವಾ?"

ಕಾರ್ಯದರ್ಶಿ ಕುರ್ಚಿಯಲ್ಲಿ ಕುಸಿದರು. ಮನುಷ್ಯ ಕೆಟ್ಟವನಲ್ಲ. ಈ ಚಿಕಿತ್ಸಾಲಯಕ್ಕಾಗಿ ಎಷ್ಟೋ ಬಾಗಿಲು ತಟ್ಟಿದವನು, ಎಷ್ಟೋ ಕಡೆ ಕಾಯಿಸಿಕೊಂಡವನು. ಅಷ್ಟು ಬಾಗಿ ಬಾಗಿ, ಬಾಗಬೇಕಿಲ್ಲದ ಹೊತ್ತಿನಲ್ಲೂ ಬೆನ್ನು ಹಾಗೇ ನಿಂತುಬಿಟ್ಟಿತ್ತು.

"ದಾನಿಗಳು ಎರಡ್ಸಲ ತಿರುಗಿ ನೋಡಿದ್ರು ಮೇಡಂ," ಎಂದರು. "ಮುಖ ಗಂಟಿಕ್ಕಿದ್ರು. ಇವರು ಕೈಬಿಟ್ರೆ ಔಷಧಿ ಇಲ್ಲ, ಬಾಡಿಗೆ ಇಲ್ಲ, ಏನೂ ಇಲ್ಲ. ಐದು ನಿಮಿಷ ತಾನೇ ಅಂದ್ಕೊಂಡೆ. ಅವರು ಅಷ್ಟೊತ್ತು ಮಾತಾಡ್ತಾರೆ ಅಂತ ನನಗೇನು ಗೊತ್ತು?"

"ಪರದೆ ಹತ್ರ ಹೋದ್ರಿ."

"ಹೋದೆ. ಆ ಮಿಷನ್ ಸ್ವಲ್ಪ ಆರಿಸಿ ಅಂದೆ. ತಿರುಗಿ ಬಂದೆ."

"ಒಳಗಿಂದ ಯಾರಾದ್ರೂ ಏನಾದ್ರೂ ಅಂದ್ರಾ?"

"'ಆಯ್ತು' ಅಂತ ಕೇಳಿಸ್ತು."

"ಬರೀ ಆಯ್ತು ಅಂತಾನಾ?"

ಕಾರ್ಯದರ್ಶಿ ಹಣೆ ಉಜ್ಜಿಕೊಂಡರು. ನೆನಪು ಮಾಡಿಕೊಳ್ಳುವುದಕ್ಕಿಂತ ನೆನಪನ್ನು ಅಳಿಸಿಕೊಳ್ಳುವವರ ಹಾಗೆ. "'ಆಯ್ತು ಸ್ವಾಮಿ' ಅಂತ."

ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದಳು.

ಈ ಚಿಕಿತ್ಸಾಲಯದಲ್ಲಿ 'ಆಯ್ತು ಸ್ವಾಮಿ' ಎನ್ನುತ್ತಿದ್ದವನು ಒಬ್ಬನೇ. ಟೋಕನ್ ಕೊಟ್ಟರೆ ಆಯ್ತು ಸ್ವಾಮಿ. ಈವತ್ತು ಡಾಕ್ಟರಿಲ್ಲ, ನಾಳೆ ಬಾ ಎಂದರೆ ಆಯ್ತು ಸ್ವಾಮಿ. ನಿನ್ನ ಶ್ವಾಸಕೋಶ ಮುಗಿದುಹೋಗಿದೆ ತಾತ ಎಂದು ಡಾಕ್ಟರು ಹೇಳಿದ ದಿನ ಮಾಜಿ ಪಕ್ಕದಲ್ಲೇ ಕೂತಿದ್ದರು. ಆಗಲೂ ಅವನು ತಲೆಯಾಡಿಸಿ, ಆಯ್ತು ಸ್ವಾಮಿ, ಎಂದು ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋಗಿದ್ದ.

"ಗಂಡಸಿನ ದನಿ," ಎಂದರು ಮಾಜಿ.

ಕಾರ್ಯದರ್ಶಿ ಹೌದೆಂಬಂತೆ ಕಣ್ಣು ಮುಚ್ಚಿದರು.

"ಒಳಗೆ ತಾತ ಒಬ್ಬನೇ ಇದ್ದದ್ದು. ನೀವು ಹೇಳಿದ್ದು ಅವನಿಗೇ ಹೇಳಿದ್ದು ಅಂದ್ಕೊಂಡ. ದೊಡ್ಡವರು ಹೇಳ್ತಿದ್ದಾರೆ, ಹೊರಗೆ ಸಭೆ ನಡೀತಿದೆ, ತನ್ನಿಂದ ತೊಂದರೆ ಆಗ್ತಿದೆ. ಕೈ ಚಾಚಿದ, ಆರಿಸ್ದ. ನಳಿಗೆ ಮೂಗಲ್ಲೇ ಇಟ್ಕೊಂಡು ಮಲಗಿದ, ಯಾರಾದ್ರೂ ಬಂದು ಹಾಕ್ತಾರೆ ಅಂತ."



ಆಮೇಲೆ ಕಾರ್ಯದರ್ಶಿಯ ಮುಖದಲ್ಲಿ ಒಂದು ಬದಲಾವಣೆ ಆಯಿತು. ಮೊದಲು ಹುಬ್ಬು ಸಡಿಲವಾಯಿತು, ಆಮೇಲೆ ಭುಜ. ಅವರೊಳಗಿನ ಲೆಕ್ಕದವನು ಎಚ್ಚರಗೊಂಡಿದ್ದ.

"ಅಂದ್ರೆ ಮೇಡಂ... ಪೇಷಂಟೇ ಸ್ವತಃ ಆರಿಸ್ಕೊಂಡ ಹಾಗಾಯ್ತಲ್ಲ?"

"ಹೌದು."

"ಹಾಗಾದ್ರೆ ಸಿಸ್ಟರ್ ತಪ್ಪಿಲ್ಲ."

"ಇಲ್ಲ."

"ಅಂದ್ರೆ... ಯಾರದೂ ತಪ್ಪಿಲ್ಲ!" ಅವರ ಕಣ್ಣಲ್ಲಿ ನೀರು ಬಂದಿತ್ತು. ಅದು ದುಃಖದ್ದೋ ಸಮಾಧಾನದ್ದೋ ಅವರಿಗೇ ಗೊತ್ತಿದ್ದಂತಿರಲಿಲ್ಲ. "ವರದಿ ಬದಲಾಯಿಸ್ತೀನಿ. ಈಗಲೇ ಬದಲಾಯಿಸ್ತೀನಿ." ಅನ್ಯಮನಸ್ಕರಾಗಿ ಅವರ ಕೈ ತಟ್ಟೆಗೆ ಹೋಯಿತು. ಕ್ರೀಮು ಬಿಸ್ಕತ್ತಿಗೇ ಹೋಯಿತು.

ಮಾಜಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. ಅಷ್ಟು ವರ್ಷಗಳ ಸೇವೆಯಲ್ಲಿ ಆಕೆ ನಿರಪರಾಧಿಗಳನ್ನು ಬಿಡಿಸಿದ್ದುಂಟು, ಅಪರಾಧಿಗಳು ಜಾರಿಕೊಂಡದ್ದೂ ಉಂಟು. ಒಂದೇ ಮಾತಿನಿಂದ ಎರಡನ್ನೂ ಮಾಡಿದ್ದು ಇದೇ ಮೊದಲು.

"ಅವರಪ್ಪನಿಗೆ ಹೇಳಿದ್ದನ್ನ ಆ ಮಗಳಿಗೆ ಯಾರು ಹೇಳ್ತೀರಿ?" ಎಂದರು.

"ಯಾರೂ ಹೇಳ್ಬೇಕಾಗಿಲ್ಲ," ಎಂದಿತು ಪರದೆ.

ಪರದೆ ಸರಿಸಿಕೊಂಡು ತಾತನ ಮಗಳು ಒಳಗೆ ಬಂದಳು. ಪಕ್ಕದ ಬೀದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವವಳು. ಮುಂಗೈ ತುಂಬ ಹಳೇ ಸುಟ್ಟ ಗೆರೆಗಳು. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ, ಬೆಂಚಿನ ಗೊಣಗಾಟ ಯಾವಾಗ ನಿಂತಿತ್ತೋ ಯಾರೂ ಗಮನಿಸಿರಲಿಲ್ಲ.

"ನಮ್ಮಪ್ಪ ಹಾಗೇ," ಎಂದಳು. ಅಳಲಿಲ್ಲ. "ಯಾರಾದ್ರೂ ಇಸ್ತ್ರಿ ಷರಟು ಹಾಕ್ಕೊಂಡು ಬಂದು ಏನಾದ್ರೂ ಹೇಳಿದ್ರೆ ಸಾಕು, ಮಾಡೇಬಿಡೋನು. ನಾನೇ ಇಸ್ತ್ರಿ ಮಾಡಿದ ಷರಟಾದ್ರೂ ಸರಿ."

ಕಾರ್ಯದರ್ಶಿ ತಮ್ಮ ಷರಟಿನ ಕಡೆ ನೋಡಿಕೊಂಡರು.

ಮಗಳು ಸಿಸ್ಟರ್ ಹತ್ತಿರ ಹೋದಳು. "ನಿಮ್ಮ ಮೇಲೆ ಬರೆಸಿದ್ದೆ ಅಕ್ಕ. ತಪ್ಪಾಯ್ತು."

"ಬಿಡಮ್ಮ," ಎಂದಳು ಸಿಸ್ಟರ್. "ನಾನು ತಟ್ಟೆ ಬಿಸಾಕಿ ಹೋಗ್ಬೇಕಿತ್ತು."

"ಆದ್ರೆ ಒಂದು ಅರ್ಥ ಆಗ್ಲಿಲ್ಲ ಮೇಡಂ." ಮಗಳು ಮಾಜಿಯ ಕಡೆ ತಿರುಗಿದಳು. "ಆವತ್ತು ಒಳಗೆ ಜಾಗ ಇಲ್ಲ ಅಂತ ನನ್ನ ಹೊರಗೆ ನಿಲ್ಸಿದ್ರು. ಕಿಟಕಿ ಹತ್ರಾನೇ ನಿಂತಿದ್ದೆ. ಆ ಗುರ್ ಅನ್ನೋದು ನನಗೆ ಜೋಗುಳ ಇದ್ದ ಹಾಗೆ. ಅದು ಇದ್ದಕ್ಕಿದ್ದ ಹಾಗೆ ನಿಂತೋಯ್ತು. ಒಳಗೆ ಬಿಡ್ರೋ ಅಂತ ಕೂಗಾಡ್ದೆ, ಸಭೆ ನಡೀತಿದೆ ಸುಮ್ನಿರು ಅಂದ್ರು. ಆಮೇಲೆ ಚಪ್ಪಾಳೆ ಆಯ್ತು. ಚಪ್ಪಾಳೆ ಮುಗಿದ ಮೇಲೆ ನೋಡಿದ್ರೆ, ಮತ್ತೆ ಗುರ್ ಅಂತಿತ್ತು."

ಸಿಸ್ಟರ್ ತಲೆಯೆತ್ತಿದಳು. "ಹೌದು ಮೇಡಂ. ಹೊಸದನ್ನ ಹೊರಗೆ ತಂದವರಿಗೂ ತಾತ ಮಲಗಿದ ಹಾಗೇ ಕಂಡಿತ್ತಂತೆ. ರಿಬ್ಬನ್ ಕತ್ತರಿಸಿದ ಮೇಲೆ ನಾನು ಒಳಗೆ ಹೋದಾಗ ಹಳೇ ಮಿಷನ್ ಓಡ್ತಾನೇ ಇತ್ತು. ತಾತ ಮಾತ್ರ... ಅದಕ್ಕೇ ಮೊದಲು ನಾನೂ ಏನೂ ಅಂದ್ಕೊಳ್ಳಲಿಲ್ಲ."

"ಓಡ್ತಿದೆಯಲ್ಲ, ಅಪ್ಪ ಸರಿಯಾಗಿದ್ದಾನೆ ಅಂತ ನಾನೂ ಸಮಾಧಾನ ಮಾಡ್ಕೊಂಡೆ," ಎಂದಳು ಮಗಳು. "ಕೂಗೋದು ನಿಲ್ಲಿಸ್ದೆ. ಈಗ ನೀವು ಹೇಳ್ತೀರಿ, ಆರಿಸಿದ್ದು ಅಪ್ಪಾನೇ ಅಂತ. ಸರಿ. ಹಾಗಾದ್ರೆ ಮತ್ತೆ ಹಾಕಿದ್ದು ಯಾರು?"

ಕಾರ್ಯದರ್ಶಿ ಕುರ್ಚಿಯಿಂದ ಅರ್ಧ ಎದ್ದರು. ಅವರ ಆಶ್ಚರ್ಯ ನಿಜವಾದದ್ದಾಗಿತ್ತು. ಅಷ್ಟು ಒಳ್ಳೆಯ ನಟ ಅವರಲ್ಲ.

ಯಾರೋ ಒಬ್ಬರು ಚಪ್ಪಾಳೆಯ ಮರೆಯಲ್ಲಿ ಆ ಕೋಣೆಗೆ ಹೋಗಿದ್ದರು. ಮಂಚದ ಮೇಲಿನ ಮುಖ ನೋಡಿದ್ದರು. ನೋಡಿ, ಕೂಗಲಿಲ್ಲ. ಯಾರನ್ನೂ ಕರೆಯಲಿಲ್ಲ, ಕರೆದಿದ್ದರೆ ದಾನಿಗಳ ಮುಂದೆ ಸಭೆ ಕೆಡುತ್ತಿತ್ತು. ಯಂತ್ರವನ್ನು ಮತ್ತೆ ಚಾಲೂ ಮಾಡಿ, ರಿಬ್ಬನ್ ಕತ್ತರಿಸುವ ಹೊತ್ತಿಗೆ ವಾಪಸು ಬಂದು ನಿಂತಿದ್ದರು. ಆಗ ತಾತ ಸತ್ತಿದ್ದನೋ, ಇನ್ನೂ ಉಸಿರಿತ್ತೋ?

ಒಂದು ನೋಟದಲ್ಲಿ ಅದನ್ನು ಹೇಳಬಲ್ಲವರು ಈ ಕಟ್ಟಡದಲ್ಲಿ ಹೆಚ್ಚು ಜನ ಇರಲಿಲ್ಲ.

ಮಾಜಿಯ ಕಣ್ಣು ಎರಡನೆಯ ಫೋಟೋಗೆ ಹೋಯಿತು. ಎದ್ದು ನಿಂತು ಚಪ್ಪಾಳೆ ತಟ್ಟುತ್ತಿರುವವರು. ಕುರ್ಚಿಯ ಬೆನ್ನಿಗೆ ಬಿಳಿ ಕೋಟು. ಆಕೆ ಚಪ್ಪಾಳೆಯ ಮುಖಗಳನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದರು. ಕೋಟಿತ್ತು. ಕೋಟಿನ ಮನುಷ್ಯ ಇರಲಿಲ್ಲ.

ಹೊರಗೆ ಬೆಂಚಿನ ಮೇಲೆ ತಗಡಿನ ಟೋಕನ್ನುಗಳು ಸದ್ದು ಮಾಡಿದವು. ಹುಣ್ಣಿನವನು, ಕೆಮ್ಮಿನವಳು, ಮಗು ಎತ್ತಿಕೊಂಡವಳು, ಅವಳ ಅತ್ತೆ. ಇವರಾರಿಗೂ ಹೋಗಲು ಬೇರೆ ಜಾಗ ಇರಲಿಲ್ಲ. ಮಾಜಿಗೂ ಇರಲಿಲ್ಲ. ತೋಳಿನ ಪಟ್ಟಿ ಇನ್ನೂ ಬಿಗಿಯಾಗಿಯೇ ಇತ್ತು. ಕೇಳದೆ ಇರಬಹುದಿತ್ತು. ಒಂದು ಕ್ಷಣ ಆಕೆ ಕೇಳದೆಯೇ ಇದ್ದರು.

ಮಗಳು ಆಕೆಯ ಮುಖವನ್ನೇ ನೋಡುತ್ತಿದ್ದಳು.

"ಡಾಕ್ಟ್ರೇ," ಎಂದರು ಮಾಜಿ. "ಆವತ್ತು ತುಂಬ ಸೆಖೆ ಇತ್ತಾ?"

"ಯಾಕೆ?"

"ಕೋಟು ಬಿಚ್ಚಿಟ್ಟಿದ್ರಲ್ಲ."

ಡಾಕ್ಟರು ಸ್ಟೆತಾಸ್ಕೋಪನ್ನು ಮೇಜಿನ ಮೇಲಿಟ್ಟರು. ಫೋಟೋ ಕಡೆ ನೋಡಲಿಲ್ಲ. ಮಗಳ ಕಡೆಯೂ ನೋಡಲಿಲ್ಲ. ಮಾಜಿಯ ತೋಳಿನ ಪಟ್ಟಿಯನ್ನು ನಿಧಾನವಾಗಿ ಬಿಚ್ಚಿ, ಸುರುಳಿ ಸುತ್ತಿ, ಡಬ್ಬಿಯಲ್ಲಿಟ್ಟರು.

"ಒತ್ತಡ ಜಾಸ್ತಿ ಇದೆ ಮೇಡಂ," ಎಂದರು. "ಮಾತ್ರೆ ತಪ್ಪಿಸಬೇಡಿ." ಆಮೇಲೆ ಪರದೆಯ ಕಡೆ ಮುಖ ಮಾಡಿ, "ಸಿಸ್ಟರ್, ಮುಂದಿನವರನ್ನ ಕಳಿಸಿ."

ಆ ದಿನ ಅವರು ಸಾಲಿನ ಕೊನೆಯವರ ತನಕ ಎಲ್ಲರನ್ನೂ ನೋಡಿದರು. ಹುಣ್ಣಿನವನಿಗೆ ಪಟ್ಟಿ ತಾವೇ ಕಟ್ಟಿದರು. ಸಂಜೆಯೊಳಗೆ ಸಿಸ್ಟರ್ ಮೇಲಿನ ವರದಿ ರದ್ದಾಯಿತು. ಮರುದಿನ ಬೆಳಿಗ್ಗೆ ಡಾಕ್ಟರು ಬರಲಿಲ್ಲ.